ಹಳೇ ಕಟ್ಟಡ, ಹೊಸ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೇ ಕಟ್ಟಡಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವು. ನಾನೂ ಹಾಸನದವನೇ. ಕೆಲಸದಲ್ಲಿದ್ದಷ್ಟು ದಿನವೂ ಈ ಎರಡು ಜಿಲ್ಲೆಗಳ ಹಳೇ ಕಟ್ಟಡಗಳ ರಿಪೇರಿ ನೋಡಿಕೊಂಡಿದ್ದ ಎಂಜಿನಿಯರ್. ಆ ಅನುಭವದಿಂದ ನನಗೆ ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ: ನಮ್ಮ ತಾಲ್ಲೂಕು ಕೇಂದ್ರದಲ್ಲಿ ಬ್ರಿಟಿಷರ ಕಾಲದ ಕಚೇರಿ ಕಟ್ಟಡ ಇದೆ. ಹೊಸ ಕಟ್ಟಡ ಆದ ಮೇಲೆ ಬೀಗ ಬಿದ್ದಿದೆ. ಕೆಡವಿ ಅಂಗಡಿ ಮಳಿಗೆ ಕಟ್ಟಿ ಅಂತ ಕೆಲವರು, ಮ್ಯೂಸಿಯಂ ಮಾಡಿ ಅಂತ ಕೆಲವರು. ಒಂದು ಕೆಲಸಕ್ಕೆ ಕಟ್ಟಿದ್ದನ್ನು ಇನ್ನೊಂದಕ್ಕೆ ಬಳಸಿದರೆ ಅದರ ಇತಿಹಾಸ ಕೆಡುವುದಿಲ್ಲವೇ? (ಓದುಗರೊಬ್ಬರು, ಹಾಸನ ಜಿಲ್ಲೆ)

ಖಂಡಿತ ಕೆಡುವುದಿಲ್ಲ. ಕೆಡುವುದು ಬೀಗ ಹಾಕಿದಾಗ. ಜನ ಓಡಾಡುವ ಕಟ್ಟಡದಲ್ಲಿ ಒಂದು ಹೆಂಚು ಒಡೆದರೆ ಮೊದಲ ಮಳೆಗೇ ಯಾರದೋ ಮೇಜಿನ ಮೇಲೆ ನೀರು ಬೀಳುತ್ತದೆ. ಅವರು ಗಲಾಟೆ ಮಾಡುತ್ತಾರೆ, ಹೆಂಚು ಬದಲಾಗುತ್ತದೆ. ಬೀಗ ಹಾಕಿದ ಕಟ್ಟಡದಲ್ಲಿ ಅದೇ ನೀರು ತೊಲೆಯ ತುದಿಗೆ ಇಳಿಯುತ್ತದೆ. ತೊಲೆ ಗೋಡೆಯೊಳಗೆ ಕೂತಿರುವ ಆ ಒಂದಡಿ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲೇ ಕೊಳೆಯುತ್ತದೆ, ಅಲ್ಲೇ ಗೆದ್ದಲು ಹಿಡಿಯುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಚಾವಣಿ ಕುಸಿದಾಗ "ಕಟ್ಟಡ ಹಳೇದಾಗಿತ್ತು" ಅಂತಾರೆ. ಕುಸಿದದ್ದು ಹಳೇದಾಗಿದ್ದಕ್ಕಲ್ಲ, ನೋಡುವವರಿಲ್ಲದ್ದಕ್ಕೆ.

ನಮ್ಮ ರಾಜ್ಯದ ಹೆಸರಾದ ಕಟ್ಟಡಗಳನ್ನೇ ತೆಗೆದುಕೊಳ್ಳಿ. ಬೆಂಗಳೂರು ಕೋಟೆಯ ಹತ್ತಿರದ ಟಿಪ್ಪು ಅರಮನೆ ಮುಗಿದದ್ದು 1791ರಲ್ಲಿ. ಬ್ರಿಟಿಷರು 1831ರಲ್ಲಿ ಮೈಸೂರು ಆಡಳಿತ ಕೈಗೆ ತೆಗೆದುಕೊಂಡ ಮೇಲೆ ಅದೇ ಅರಮನೆ ಸರ್ಕಾರಿ ಕಚೇರಿಯಾಯಿತು. ಮರದ ಕಂಬಗಳ ನಡುವೆ ಗುಮಾಸ್ತರು ಕೂತು ಕಡತ ಬರೆದರು. 1868ರಲ್ಲಿ ಅಠಾರಾ ಕಚೇರಿ ಎದ್ದು ನಿಂತಾಗ ಆ ಕಚೇರಿಗಳು ಅಲ್ಲಿಗೆ ಹೋದವು. ಅಠಾರಾ ಕಚೇರಿಯ ಕೆಲಸ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಉಸ್ತುವಾರಿಯಲ್ಲಿ ನಡೆಯಿತು, ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. 1956ರಲ್ಲಿ ವಿಧಾನಸೌಧ ಆದ ಮೇಲೆ ಸಚಿವಾಲಯ ಎದುರಿನ ಆ ದೊಡ್ಡ ಕಟ್ಟಡಕ್ಕೆ ಹೋಯಿತು. ಇವತ್ತು ಅಠಾರಾ ಕಚೇರಿ ಹೈಕೋರ್ಟು.

1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಬಂದಿತ್ತು. ಜನ ಕೋರ್ಟಿಗೆ ಹೋದರು. ಕಟ್ಟಡ ಇರಬೇಕೋ ಬೇಡವೋ ಅನ್ನುವ ವಾದ ಅದೇ ಕಟ್ಟಡದೊಳಗೇ ನಡೆಯಿತು! ಕೊನೆಗೆ ಉಳಿಯಿತು. ಜಾಗ ಸಾಲದೆ ಹೋದಾಗ ಹಿಂದುಗಡೆ ಅದೇ ರೀತಿಯಲ್ಲಿ ವಿಸ್ತರಿಸಿದರು. ಕಬ್ಬನ್ ಪಾರ್ಕಿನ ಕಡೆಯಿಂದ ಹೋದಾಗ ಆ ಕೆಂಪು ಕಟ್ಟಡ ನೋಡಿದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಕತೆ ಇನ್ನೂ ಚೆನ್ನಾಗಿದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಮರದ ದೊಡ್ಡ ಅರಮನೆಗೆ ಬೆಂಕಿ ಬಿತ್ತು. ರಾಜಮನೆತನ ಜಗನ್ಮೋಹನಕ್ಕೆ ಬಂತು. 1912ರಲ್ಲಿ ಈಗಿನ ಅರಮನೆ ಮುಗಿಯುವ ತನಕ ಇದೇ ಅವರ ಮನೆ. 1902ರಲ್ಲಿ ವೈಸ್‌ರಾಯ್ ಕರ್ಜನ್ ಎದುರು ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದು ಇಲ್ಲೇ. ಪ್ರಜಾಪ್ರತಿನಿಧಿ ಸಭೆ ಸೇರುತ್ತಿದ್ದದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳು, ಹಲ್ದಣಕರ್ ಬರೆದ ದೀಪ ಹಿಡಿದ ಹೆಣ್ಣು, ಎಲ್ಲ ಇರುವುದು ಅಲ್ಲೇ ಅಲ್ವಾ? ಒಂದೇ ಕಟ್ಟಡ ಇಷ್ಟು ಕೆಲಸ ಮಾಡಿತು. ಹೇಗೆ ಸಾಧ್ಯವಾಯಿತು? ಮುಂದೆ ದೊಡ್ಡ ಸಭಾಂಗಣ, ಅದಕ್ಕೆ ಸೇರಿದ ಕೋಣೆಗಳು. ಸಭೆಗೂ ಸರಿ, ಚಿತ್ರ ನೋಡುವ ಜನಕ್ಕೂ ಸರಿ. 

ನಿಮ್ಮೂರಿನ ಕಟ್ಟಡದಲ್ಲೂ ಮೊದಲು ನೋಡಬೇಕಾದ್ದು ಅದನ್ನೇ. ಏನು ಮಾಡೋಣ ಅಂತ ಸಭೆ ಸೇರುವ ಮುಂಚೆ ಒಳಗೆ ಹೋಗಿ ಕೋಣೆಗಳನ್ನು ನೋಡಿ. ಹಳೇ ಕಚೇರಿಗಳಲ್ಲಿ ಸಾಮಾನ್ಯವಾಗಿ ಮೂರು ಥರದ ಜಾಗ ಇರುತ್ತದೆ: ಜನ ಕಾಯುವ ಉದ್ದ ವರಾಂಡ, ಸಾಹೇಬರು ಕೂರುವ ಎತ್ತರದ ಹಾಲ್, ಮತ್ತು ರೆಕಾರ್ಡ್ ರೂಮ್. ರೆಕಾರ್ಡ್ ರೂಮಿನ ಗೋಡೆ ದಪ್ಪ, ಕಿಟಕಿ ಚಿಕ್ಕದು, ಎತ್ತರದಲ್ಲಿ. ಬೆಂಕಿಗೂ ಕಳ್ಳರಿಗೂ ಹೆದರಿ ಕಟ್ಟಿದ್ದು. ಅದನ್ನು ತರಗತಿ ಮಾಡುತ್ತೇನೆ ಅಂದರೆ ಗೋಡೆ ಕೊರೆದು ಕಿಟಕಿ ಇಡಬೇಕಾಗುತ್ತದೆ. ಬೇಡ. ಅಲ್ಲಿ ಊರಿನ ಹಳೇ ದಾಖಲೆಗಳೇ ಇರಲಿ. ಹಾಲ್‌ನಲ್ಲಿ ಓದುವ ಮನೆ ಆಗಲಿ. ಪೊಲೀಸು, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎಷ್ಟು ಜನ ಕೂರಲು ಜಾಗ ಸಿಗದೆ ಬಸ್ ಸ್ಟ್ಯಾಂಡಿನಲ್ಲಿ ಓದುತ್ತಾರೆ, ನೋಡಿದ್ದೀರಾ? ವರಾಂಡದಲ್ಲಿ ಹಿರಿಯರು ಪೇಪರ್ ಓದಲಿ.

ಒಂದು ಎಚ್ಚರಿಕೆ ಇದೆ. ಪುಸ್ತಕದ ಕಪಾಟುಗಳನ್ನು ಮರದ ಮಹಡಿ ಮೇಲೆ ಇಡಬೇಡಿ. ಪುಸ್ತಕದ ಭಾರ ನಾವು ಅಂದುಕೊಂಡದ್ದಕ್ಕಿಂತ ತುಂಬ ಜಾಸ್ತಿ. ಮಹಡಿಯಲ್ಲಿ ಜನ ಕೂರಲಿ, ಪುಸ್ತಕ ಕೆಳಗಿರಲಿ. ಶೌಚಾಲಯವನ್ನು ಒಳಗೆ ತರಲೇಬೇಡಿ. ಹಿತ್ತಲಲ್ಲಿ ಬೇರೆಯಾಗಿ ಕಟ್ಟಿ, ಮಳೆಗೆ ನೆನೆಯದ ಹಾಗೆ ಒಂದು ದಾರಿ ಮಾಡಿ. ಹಳೇ ಗೋಡೆಯೊಳಗೆ ಪೈಪು ಹೂತರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಗೋಡೆ ಮುಗಿದಿರುತ್ತದೆ.

ಮ್ಯೂಸಿಯಂ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಚರ್ಚು ಈಗ ವಸ್ತುಸಂಗ್ರಹಾಲಯ. ಚೆನ್ನಾಗಿದೆ. ಯಾಕೆಂದರೆ ಇಡೋಕೆ ವಿಗ್ರಹಗಳಿವೆ, ವೀರಗಲ್ಲುಗಳಿವೆ, ಕೋಟೆ ನೋಡಲು ಬರುವ ಜನ ಇದ್ದಾರೆ. ಇಡೋಕೆ ಏನೂ ಇಲ್ಲದೆ, ನೋಡಿಕೊಳ್ಳಲು ಒಬ್ಬ ಮನುಷ್ಯನ ಸಂಬಳಕ್ಕೂ ದುಡ್ಡಿಲ್ಲದೆ ಮ್ಯೂಸಿಯಂ ಅಂತ ಬೋರ್ಡು ಹಾಕಿದರೆ ಅದು ಮತ್ತೆ ಬೀಗವೇ.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ಕಾಫಿ ಗೋಡೌನ್ ಇದೆ. ಕಾಫಿ ಬೋರ್ಡಿನ ಪೂಲ್ ಕಾಲದಲ್ಲಿ ತುಂಬಿರುತ್ತಿತ್ತು. ಆಮೇಲೆ ಕೆಲವು ವರ್ಷ ಗೊಬ್ಬರದ ಅಂಗಡಿಗೆ ಬಾಡಿಗೆಗಿತ್ತು, ಈಗ ಖಾಲಿ. ಮಗ ಅಲ್ಲಿ ಕೆಫೆ ಮಾಡುತ್ತೇನೆ ಅಂತಾನೆ. ಫಾಲ್ಸ್ ಸೀಲಿಂಗ್, ಎಸಿ, ಮುಂದೆ ಪೂರ್ತಿ ಗಾಜು. ಮಾಡಬಹುದೇ? (ಓದುಗರೊಬ್ಬರು, ಚಿಕ್ಕಮಗಳೂರು)

ಕೆಫೆ ಮಾಡಲಿ. ಕಾಫಿ ಇಟ್ಟಿದ್ದ ಜಾಗದಲ್ಲಿ ಕಾಫಿ ಕುಡಿಯುವುದಕ್ಕಿಂತ ಒಳ್ಳೆಯ ಕೆಲಸ ಇನ್ನೇನಿದೆ? ಆದರೆ ಫಾಲ್ಸ್ ಸೀಲಿಂಗ್, ಎಸಿ, ಗಾಜು ಮೂರನ್ನೂ ಬಿಟ್ಟು ಯೋಚಿಸಲಿ.

1942ರ ಕಾಫಿ ಕಾಯ್ದೆಯಿಂದ ಬೆಳೆಗಾರರು ಬೆಳೆದದ್ದನ್ನೆಲ್ಲ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುವ ದಾಸ್ತಾನಿಗೆ, ಕೊಡಬೇಕಿತ್ತು. ತೂಕ, ದರ್ಜೆ, ಶೇಖರಣೆ ಎಲ್ಲಕ್ಕೂ ಜಾಗ ಬೇಕಿತ್ತು. ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೂ ಗೋಡೌನ್‌ಗಳಿಗೂ ವರ್ಷವಿಡೀ ಕೆಲಸ. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂತು, 1996ಕ್ಕೆ ಪೂಲ್ ಪೂರ್ತಿ ನಿಂತಿತು. ಬೆಳೆಗಾರ ತೋಟದ ಬಾಗಿಲಲ್ಲೇ ಮಾರುವ ಹಾಗಾಯಿತು. ಬೆಳೆಗಾರರಿಗೆ ಅದು ಒಳ್ಳೆಯದೇ ಆಯಿತು. ಪೇಟೆಯ ಎಷ್ಟೋ ಗೋಡೌನ್‌ಗಳಿಗೆ ಮಾತ್ರ ಕೆಲಸ ತಪ್ಪಿತು.

ಹಳೇ ಕಾಫಿ ಗೋಡೌನ್ ಕಟ್ಟಿದವರು ದಡ್ಡರಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಫಿ ಬೀಜ ಗಾಳಿಯ ತೇವ ಹೀರಿ ಬಿಳಿಚಿಕೊಳ್ಳುತ್ತದೆ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹಿಡಿಯುತ್ತದೆ. ಅದಕ್ಕೇ ನೆಲ ರಸ್ತೆಗಿಂತ ಎತ್ತರ. ಅದಕ್ಕೇ ಗೋಡೆಯ ತುದಿಯಲ್ಲಿ, ಹೆಂಚಿನ ಕೆಳಗೆ, ಸಾಲಾಗಿ ಗಾಳಿಗಂಡಿಗಳು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಂಪು ಗಾಳಿ ಬಾಗಿಲಿಂದ ಬರುತ್ತದೆ. ನಿಮ್ಮ ಮಗ ಫಾಲ್ಸ್ ಸೀಲಿಂಗ್ ಹಾಕಿದ ದಿನವೇ ಈ ಏರ್ಪಾಟು ನಿಂತುಹೋಗುತ್ತದೆ. ಆಮೇಲೆ ಎಸಿ ಬೇಕೇ ಬೇಕು. ಸೀಲಿಂಗಿನ ಮೇಲೆ ಹೆಂಚು ಒಡೆದರೂ ಗೊತ್ತಾಗುವುದಿಲ್ಲ. ಇಲಿ, ಹೆಗ್ಗಣಕ್ಕೆ ಒಳ್ಳೆ ಮನೆ. ಆ ಎತ್ತರದ ಚಾವಣಿ, ಮರದ ಅಡ್ಡೆಗಳು ಕಾಣುತ್ತಿರಲಿ. ಬಂದವರು ಫೋಟೊ ತೆಗೆಯುವುದು ಅದನ್ನೇ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹತ್ತಿಸಿದ್ದು ಗೊಬ್ಬರದ ಅಂಗಡಿ. ರಸಗೊಬ್ಬರ ಅಂದರೆ ಉಪ್ಪು. ಮೂಟೆಯನ್ನು ಗೋಡೆಗೆ ಒರಗಿಸಿಟ್ಟಿದ್ದರೆ ಆ ಉಪ್ಪು ತೇವದ ಜೊತೆ ಇಟ್ಟಿಗೆಯೊಳಗೆ ಹೋಗಿರುತ್ತದೆ. ಮಳೆಗಾಲದಲ್ಲಿ ಕರಗುತ್ತದೆ, ಬೇಸಿಗೆಯಲ್ಲಿ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಇಟ್ಟಿಗೆಯ ಮುಖವನ್ನೇ ತಳ್ಳಿ ಉದುರಿಸುತ್ತದೆ. ಫೆಬ್ರವರಿಯಲ್ಲಿ ಹೋಗಿ ನೆಲದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಗೋಡೆ ನೋಡಿ. ಬಿಳಿ ಬೂಸ್ಟಿನ ಹಾಗೆ ಕಂಡರೆ ಬೆರಳಿಂದ ಉಜ್ಜಿ. ಪುಡಿಯಾಗಿ, ಸ್ವಲ್ಪ ಗರಗರ ಅಂದರೆ ಅದು ಉಪ್ಪು. ಅದರ ಮೇಲೆ ಯಾವ ಪೇಂಟೂ ನಿಲ್ಲುವುದಿಲ್ಲ. ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆಯಬೇಡಿ, ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ತೆಳುವಾಗಿ ಸುಣ್ಣದ ಗಾರೆ ಬಳಿಸಿ. ಅದು ಉಪ್ಪನ್ನು ಹೀರಿ ಒಂದೆರಡು ವರ್ಷಕ್ಕೆ ಹಾಳಾಗುತ್ತದೆ. ಹಾಳಾಗಲಿ, ಅದರ ಕೆಲಸವೇ ಅದು. ಕೆರೆದು ತೆಗೆದು ಮತ್ತೆ ಬಳಿಸಿ. ಹೀಗೆ ಮಾಡುತ್ತಾ ಹೋದರೆ ಗೋಡೆಯಲ್ಲಿ ಉಪ್ಪು ಕಡಿಮೆಯಾಗುತ್ತಾ ಬರುತ್ತದೆ.

ಹಳೇ ಕಟ್ಟಡ ಕೊಳ್ಳುವವರಿಗೂ ಬಾಡಿಗೆಗೆ ಹಿಡಿಯುವವರಿಗೂ ಇದನ್ನೇ ಹೇಳುತ್ತೇನೆ. ಎಷ್ಟು ವರ್ಷ ಹಳೇದು ಅಂತ ಕೇಳುವುದರ ಜೊತೆಗೆ ಇಲ್ಲಿ ಏನೇನು ಕೆಲಸ ನಡೆದಿತ್ತು ಅಂತಲೂ ಕೇಳಿ. ಹಿಟ್ಟಿನ ಗಿರಣಿ ಇದ್ದರೆ ಗೋಡೆ ನಡುಗಿ ಬಿರುಕು ಬಿಟ್ಟಿರುತ್ತದೆ. ಹೋಟೆಲ್ ಇದ್ದರೆ ತೊಲೆಗಳ ಮೇಲೆ ಮಸಿ, ಜಿಡ್ಡು ಕೂತಿರುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ. ದನದ ಕೊಟ್ಟಿಗೆ ಇದ್ದಲ್ಲೂ ಗೋಡೆಯಲ್ಲಿ ಉಪ್ಪೇ.

ಗಾಜಿನ ಬಗ್ಗೆ: ಮುಂದಿನ ಗೋಡೆ ಒಡೆಯಬೇಡಿ. ಲಾರಿ ಸರಕು ಇಳಿಸುತ್ತಿದ್ದ ಆ ಅಗಲ ಬಾಗಿಲಿಗೇ ಒಳಗಡೆಯಿಂದ ಗಾಜಿನ ಬಾಗಿಲು ಕೂರಿಸಬಹುದು. ನಾಳೆ ಬೇಡ ಅನ್ನಿಸಿದರೆ ಸ್ಕ್ರೂ ಬಿಚ್ಚಿದರೆ ಸಾಕು. ಮೊಮ್ಮಕ್ಕಳು ಇನ್ನೇನೋ ಮಾಡಬೇಕು ಅಂದುಕೊಂಡಾಗ ಅವರಿಗೂ ಪೂರ್ತಿ ಕಟ್ಟಡ ಸಿಗಬೇಕಲ್ಲ.

ಪ್ರಶ್ನೆ: ಬೇಲೂರು ದೇವಸ್ಥಾನದ ಪಕ್ಕದ ಬೀದಿಯಲ್ಲಿ ನಮ್ಮ ತೊಟ್ಟಿ ಮನೆ ಇದೆ. ಮುಂದಿನ ಅಂಕಣವನ್ನು (ಕಂಬಗಳ ನಡುವಿನ ಜಾಗ) ಅಂಗಡಿ ಮಾಡಬೇಕು. ಏನು ಮುಟ್ಟಿದರೂ ಅನುಮತಿ ಬೇಕು ಅಂತಾರೆ. ದೇವಸ್ಥಾನವೇ ಎಷ್ಟೋ ಸಲ ಬದಲಾಗಿದೆ, ನಮಗೆ ಯಾಕೆ ಈ ಕಟ್ಟುಪಾಡು? (ಓದುಗರೊಬ್ಬರು, ಬೇಲೂರು)

ದೇವಸ್ಥಾನ ಬದಲಾಗಿದೆ ಅನ್ನುವುದು ನಿಜ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದಾಗ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಹಜಾರ, ತೆರೆದ ಮಂಟಪವಾಗಿತ್ತು. ಈಗ ಎಲ್ಲರೂ ಮೆಚ್ಚುವ ಕಲ್ಲಿನ ಜಾಲಂಧ್ರಗಳನ್ನು (ತೂತುಗಳಿರುವ ಕಲ್ಲಿನ ಪರದೆ), ಬಾಗಿಲುಗಳನ್ನು ಆಮೇಲೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕೂರಿಸಿದ್ದು. ಮಹಾದ್ವಾರ ಸುಟ್ಟುಹೋಗಿತ್ತು, 1397ರಲ್ಲಿ ವಿಜಯನಗರದ ಹರಿಹರನ ದಂಡನಾಯಕ ಗುಂಡ ಮತ್ತೆ ಎತ್ತಿಸಿದ. ಆದರೆ ನೋಡಿ, ಜಾಲಂಧ್ರ ಕೂರಿಸಿದವರು ಮೊದಲಿದ್ದ ಕಂಬಗಳನ್ನು ಕೀಳಲಿಲ್ಲ. ಕಂಬಗಳ ನಡುವೆ ಸೇರಿಸಿದರು. ನಿಮ್ಮ ಅಂಕಣಕ್ಕೂ ಅದೇ ದಾರಿ ಹಿಡಿಯಿರಿ.

ಕಾನೂನು ಹೀಗಿದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಇದರಲ್ಲಿ ಸುಮಾರು ಜನ ಎಡವುತ್ತಾರೆ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವ ಹಾಗಿಲ್ಲ. ಆದರೆ 1992ರ ಜೂನ್ 16ಕ್ಕೂ ಮುಂಚಿನ ಮನೆಗೆ ಅರ್ಜಿ ಹಾಕಿ ಅನುಮತಿ ಪಡೆದು ರಿಪೇರಿ, ನವೀಕರಣ ಮಾಡಿಸಬಹುದು. ಹಳೇ ಕಂದಾಯ ರಸೀತಿ, ಪತ್ರ, ಮನೆಯ ನಾಲ್ಕೂ ಕಡೆಯ ಫೋಟೊ ಜೋಡಿಸಿಟ್ಟುಕೊಳ್ಳಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವ ಜನ ಅವಸರದಲ್ಲಿ ಗುಡಿ ನೋಡಿ ಹೋಗಬಾರದು, ಊರಲ್ಲೂ ಒಂದಿಷ್ಟು ಹೊತ್ತು ಇರಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ನಿಮ್ಮಂಥ ತೊಟ್ಟಿ ಮನೆಗಳು ಬೇಕು. ಷಟರ್ ಹಾಕಬೇಡಿ, ದಯವಿಟ್ಟು. ಜಗಲಿಯ ಮೇಲೆ ವ್ಯಾಪಾರ ಮಾಡಿ, ಹಳೇ ಬಾಗಿಲೇ ಇರಲಿ.

ಪ್ರಶ್ನೆ: ಶೆಟ್ಟಿಹಳ್ಳಿ ಚರ್ಚನ್ನು ಮತ್ತೆ ಕಟ್ಟಿ ಬಳಸಬಾರದೇ? (ವಿದ್ಯಾರ್ಥಿನಿ, ಹಾಸನ)

ಮತ್ತೆ ಕಟ್ಟಲು ಆಗುವುದಿಲ್ಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಊರು ಎದ್ದು ಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಸುಣ್ಣದ ಗಾರೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಚಾವಣಿಯೂ ಇಲ್ಲ, ಹಾಗಾಗಿ ಗೋಡೆಯ ನೆತ್ತಿಯಿಂದಲೂ ನೀರು ಇಳಿಯುತ್ತದೆ. ಬಿರುಕಿನಲ್ಲಿ ಗಿಡ ಬೇರು ಬಿಡುತ್ತದೆ. ಇಷ್ಟು ವರ್ಷ ನಿಂತಿರುವುದೇ ಕಟ್ಟಿದವರ ಕೈಗುಣ.

ಈಗ ಅದರ ಕೆಲಸವೂ ಬದಲಾಗಿದೆ. ಪ್ರಾರ್ಥನೆಗೆ ಬರುವವರ ಜಾಗಕ್ಕೆ ಮದುವೆ ಫೋಟೊ ತೆಗೆಸುವ ಜೋಡಿಗಳು ಬರುತ್ತಾರೆ. ಬರಲಿ. ಆದರೆ ಕಮಾನಿನ ಮೇಲೆ ಹತ್ತಬೇಡಿ, ಗೋಡೆಗೆ ಹೆಸರು ಕೆತ್ತಬೇಡಿ. ಗೋಡೆಗಳ ನೆತ್ತಿಗೆ ಸುಣ್ಣದ ಗಾರೆಯಿಂದ ಇಳಿಜಾರು ಮುಚ್ಚಿಗೆ ಕೊಟ್ಟು, ಗಿಡಗಳನ್ನು ಚಿಕ್ಕದಿರುವಾಗಲೇ ತೆಗೆದರೆ ಇನ್ನಷ್ಟು ಕಾಲ ನಿಲ್ಲುತ್ತದೆ. ನಿಮ್ಮ ಕಾಲೇಜಿನವರು ಪ್ರತಿ ಬೇಸಿಗೆ ಒಂದೇ ಜಾಗದಲ್ಲಿ ನಿಂತು ಒಂದೊಂದು ಗೋಡೆಯ ಫೋಟೊ ತೆಗೆದಿಡಿ. ಎಲ್ಲಿ ಎಷ್ಟು ಕುಸಿಯಿತು ಅಂತ ಗೊತ್ತಾದರೆ ಮೊದಲು ಯಾವ ಗೋಡೆಗೆ ಆಸರೆ ಕೊಡಬೇಕು ಅನ್ನುವುದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಹಳೇ ಮನೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಮೂರೇ ವರ್ಷಕ್ಕೆ ಉಬ್ಬಿ ಉದುರುತ್ತಿದೆ. ಮೇಸ್ತ್ರಿ ಮೋಸ ಮಾಡಿದರಾ? (ಓದುಗರೊಬ್ಬರು, ಸಕಲೇಶಪುರ)

ಮೇಸ್ತ್ರಿಯನ್ನು ಬಯ್ಯಬೇಡಿ. ಆ ಗೋಡೆಗೆ ಸಿಮೆಂಟೇ ಆಗುವುದಿಲ್ಲ. ಹಳೇ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಯಲ್ಲಿ ಏರುತ್ತಲೇ ಇರುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟು ದಾರಿ ಮುಚ್ಚಿತು. ತೇವ ಇನ್ನೂ ಮೇಲಕ್ಕೆ ಏರಿತು, ಒಳಗೆ ಇಟ್ಟಿಗೆ ಪುಡಿಯಾಯಿತು. ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರೆ ಅದೂ ಇದೇ ಕೆಲಸ ಮಾಡಿರುತ್ತದೆ.

ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲೆಲ್ಲ ಸಿಮೆಂಟು ತೆಗೆಸಿ. ಒಂದು ಬೇಸಿಗೆ ಪೂರ್ತಿ ಗೋಡೆ ಬರಿಮೈಯಲ್ಲಿ ಒಣಗಲಿ. ನೋಡಲು ಚೆನ್ನಾಗಿರಲ್ಲ, ಸಹಿಸಿಕೊಳ್ಳಿ. ಆಮೇಲೆ ಚೆನ್ನಾಗಿ ಅರಳಿಸಿ ನೆನೆಸಿಟ್ಟ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸೇರಿಸಿ ಗಾರೆ ಮಾಡಿಸಿ. ಹಿಂದೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಗೊತ್ತಿರುವ ಹಿರಿಯ ಗಾರೆ ಕೆಲಸದವರು ಸಿಕ್ಕರೆ ಅವರನ್ನೇ ಕರೆಸಿ. ಕೂಲಿ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ, ಒಬ್ಬ ಹುಡುಗನನ್ನು ಪಕ್ಕದಲ್ಲಿ ಕಲಿಯಲು ನಿಲ್ಲಿಸಿ. ಗಾರೆಯನ್ನು ಎರಡು ಪದರದಲ್ಲಿ ಬಳಿಸಿ, ನಡುವೆ ಒಣಗಲು ಸಮಯ ಕೊಡಿ, ಬಿಸಿಲು ನೇರ ಬೀಳದ ಹಾಗೆ ಗೋಣಿಚೀಲ ಒದ್ದೆ ಮಾಡಿ ಇಳಿಬಿಡಿ. ಜೊತೆಗೆ ಮನೆಯ ಸುತ್ತ ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಆಗಿದೆಯಾ ನೋಡಿ. ಸಕಲೇಶಪುರದ ಮಳೆಗೆ ಅರ್ಧ ರೋಗ ಅಲ್ಲೇ ಇರುತ್ತದೆ.

ಪ್ರಶ್ನೆ: ಹೆಂಚಿನ ಹಿಂದೆ ಇಂಗ್ಲಿಷ್ ಅಕ್ಷರ ಇದೆ. ಇದರಿಂದ ಮನೆ ಯಾವ ಕಾಲದ್ದು ಅಂತ ಹೇಳಬಹುದೇ? (ಓದುಗರೊಬ್ಬರು, ಅರಸೀಕೆರೆ)

ಸ್ವಲ್ಪ ಹೇಳಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಷನ್ ಹೆಸರಿದ್ದರೆ ಹೆಂಚು ನೂರು ವರ್ಷಕ್ಕಿಂತ ಹಳೇದು, ಕಾಮನ್‌ವೆಲ್ತ್ ಅಂತಿದ್ದರೆ ಆಮೇಲಿನದು. ಆದರೆ ಹೆಂಚು ಮನೆಯಿಂದ ಮನೆಗೆ ಓಡಾಡುತ್ತದೆ. ಒಂದು ಮನೆ ಬಿಚ್ಚಿದಾಗ ಇನ್ನೊಬ್ಬರು ಕೊಂಡು ಹೊದಿಸುತ್ತಾರೆ. ಒಂದೇ ಹೆಂಚು ನೋಡಿ ತೀರ್ಮಾನಕ್ಕೆ ಬರಬೇಡಿ. ಮುಂದಿನ ಸಲ ಚಾವಣಿ ಕೈಯಾಡಿಸುವಾಗ ನಾಲ್ಕು ಮೂಲೆಯಿಂದಲೂ, ನಡುವಿನಿಂದಲೂ ತೆಗೆಸಿ ನೋಡಿ. ಎಲ್ಲದರಲ್ಲೂ ಒಂದೇ ಹೆಸರಿದ್ದರೆ ಚಾವಣಿ ಒಟ್ಟಿಗೇ ಹೊದಿಸಿದ್ದು. ಬೇರೆ ಬೇರೆ ಇದ್ದರೆ ಎಲ್ಲಿ ಯಾವುದು ಸಿಕ್ಕಿತು ಅಂತ ಒಂದು ಹಾಳೆಯಲ್ಲಿ ಚಾವಣಿಯ ನಕ್ಷೆ ಬರೆದು ಗುರುತು ಮಾಡಿ ಕಳಿಸಿ, ಫೋಟೊ ಸಮೇತ. ಅದು ಬಂದ ಮೇಲೆ ಉಳಿದದ್ದು ಹೇಳುತ್ತೇನೆ.